ಸೋಡಾದ ನಾಡಿನಲ್ಲಿ ಕಾಂತಾಬಾ ಅವರ ಇಡ್ಲಿ

ಗೋರ್ವಾ

ವಯೋಮಿಂಗ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ. ಅದೊಂದು ಕಾಯಿಲೆಯ ಹೆಸರಿರಬೇಕು ಅಂದುಕೊಂಡೆ. ಫೋನಿನ ಆ ಕಡೆ ಕಾಂತಾಬಾ ಅಳುವ ದನಿಯಲ್ಲಿದ್ದರು, ಹಾಗಾಗಿ ಆ ಅನುಮಾನ ಬಂತು.

ಕಾಂತಾಬಾ ಯಾರು ಅಂತ ಹೇಳದೆ ಮುಂದೆ ಹೋಗುವಂತಿಲ್ಲ. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ. ವಡೋದರಾದ ಗೋರ್ವಾದಲ್ಲಿ ನಮ್ಮ ಹೋಟೆಲ್. ಅದರ ಎದುರು, ರಸ್ತೆ ದಾಟಿದರೆ ಅವರ ಮನೆ. ಅವರ ಯಜಮಾನರಿಗೆ ಕೊಯಾಲಿಯ ರಿಫೈನರಿಯಲ್ಲಿ ಕೆಲಸವಿತ್ತು. ಕುಂದಾಪುರದ ಕಡೆಯಿಂದ ಬಂದ ನಮ್ಮ ಮಾವಯ್ಯ ಹೋಟೆಲು ತೆರೆದ ಮೊದಲ ವಾರ ಗುಜರಾತಿಗಳ ರುಚಿ ತಿಳಿಯದೆ ಕಂಗಾಲಾಗಿ, ಒಂದು ತಟ್ಟೆ ಇಡ್ಲಿ ಹಿಡಿದು ಎದುರುಮನೆಗೆ ಹೋಗಿ, "ಬೆನ್, ಅಕ್ಕಾ, ತಿಂದು ನೋಡಿ ಹೇಳಿ" ಅಂದರಂತೆ. ಕಾಂತಾಬಾ ತಿಂದು, ಯೋಚಿಸಿ, "ಚಾಲ್ಶೆ" ಅಂದರಂತೆ. ಗುಜರಾತಿಯಲ್ಲಿ ಹಾಗೆಂದರೆ 'ನಡೆಯುತ್ತದೆ' ಅಂತ. ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ಮೊದಲ ಇಡ್ಲಿ ಅವರ ಮನೆಗೆ ಹೋಗಬೇಕು, ಅವರು 'ಚಾಲ್ಶೆ' ಅನ್ನಬೇಕು, ಆಮೇಲೆ ನಮ್ಮ ಗಿರಾಕಿಗೆ ತಟ್ಟೆ. ನಾನು ಸೂರತ್ತಿನ ಕತಾರ್‌ಗಾಮ್‌ನಿಂದ ಸೊಸೆಯಾಗಿ ಬಂದ ಮೇಲೆ ಆ ತಟ್ಟೆ ಹಿಡಿದು ರಸ್ತೆ ದಾಟುವ ಕೆಲಸ ನನ್ನದಾಯಿತು. ಎಷ್ಟೋ ವರ್ಷ ದಾಟಿದೆ. 'ಚೆನ್ನಾಗಿದೆ' ಎಂದು ಅವರು ಒಂದೇ ಒಂದು ದಿನ ಹೇಳಿದ್ದು ನೆನಪಿಲ್ಲ.

ಕಾಂತಾಬಾ ಅವರ ಯಜಮಾನರು ತೀರಿಕೊಂಡ ಮೇಲೆ ಮಗ ಭರತ್ ಅವರನ್ನು ಅಮೆರಿಕಕ್ಕೆ ತನ್ನ ಬಳಿಗೆ ಕರೆದುಕೊಂಡು ಹೋದ; ನಮಗೆ ಗೊತ್ತಿದ್ದುದು ಅಷ್ಟೇ. ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಎಂಬ ಊರಿನಲ್ಲಿ ಹೆದ್ದಾರಿಯ ಪಕ್ಕ ಅವನದೊಂದು ಮೋಟೆಲ್ ಇದೆ. ಹೋದವರು ಆರು ತಿಂಗಳಲ್ಲಿ ಫೋನು ಮಾಡಿ ಹೇಳಿದ ಮಾತು ಇದು:

"ವಸಂತಿ, ದೀಕ್ರಿ, ಮಗಳೇ, ನನ್ನ ನಾಲಿಗೆ ಸತ್ತುಹೋಗಿದೆ. ಏನು ತಿಂದರೂ ಕಾಗದ ತಿಂದ ಹಾಗೆ. ಡಾಕ್ಟರು ಏನೂ ಇಲ್ಲ ಅಂತಾರೆ. ಮಗ 'ಬಾ, ಎಲ್ಲ ಸರಿಯಾಗಿದೆ' ಅಂತಾನೆ. ನನಗೆ ಒಂದೇ ಪರೀಕ್ಷೆ ಉಳಿದಿರೋದು. ನೀನು ಬಂದು ನಿಮ್ಮ ಇಡ್ಲಿ ಮಾಡು. ಅದೂ ಕಾಗದದ ಹಾಗೆ ಇದ್ದರೆ, ಸತ್ತಿದ್ದು ನನ್ನ ನಾಲಿಗೆ ಅಂತ ನಂಬ್ತೀನಿ. ಆಮೇಲೆ ಊಟದ ಬಗ್ಗೆ ಯಾರ ಹತ್ತಿರವೂ ಮಾತಾಡಲ್ಲ."

ಆ ಕೊನೆಯ ಮಾತು ನನ್ನನ್ನು ಹೆದರಿಸಿತು. ಊಟದ ಬಗ್ಗೆ ಮಾತಾಡದ ಕಾಂತಾಬಾ ಎಂದರೆ ದನಿಯಿಲ್ಲದ ರೇಡಿಯೊ ಇದ್ದ ಹಾಗೆ.

ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ ನಾನು ಹೊರಟೆ. ಮಾವಯ್ಯ ಬಾಗಿಲ ತನಕ ಬಂದರು. ಆಶೀರ್ವಾದ ಮಾಡುತ್ತಾರೆ ಅಂದುಕೊಂಡು ಬಗ್ಗಿದೆ. ಅವರು ಹೇಳಿದ್ದು ಇದು:

"ಕಾಣ್ ವಸಂತಿ, ಯಾವ ದೇಶಕ್ಕ್ ಹೋರೂ ಹಿಟ್ಟಿಗೆ ಸೋಡಾ ಹಾಕುಕಾಗ. ಸೋಡಾ ಹಾಕಿರೆ ಇಡ್ಲಿ ಉಬ್ಬುತ್ತ್, ಹೋಟ್ಲ್ ಉಬ್ಬುದಿಲ್ಲೆ."

ಇದು ನಮ್ಮ ಮನೆಯ ಗಾಯತ್ರಿ ಮಂತ್ರ. ನನ್ನ ಕನ್ನಡವೂ ಅಷ್ಟೇ, ಇಂಥ ಮಾತುಗಳಿಂದಲೇ ಬಂದದ್ದು. ಕತಾರ್‌ಗಾಮ್‌ನಲ್ಲಿ ಕನ್ನಡ ಶಾಲೆ ಎಲ್ಲಿಂದ ಬರಬೇಕು? ಅಜ್ಜಿಯಿಂದ ಅರ್ಧ, ಮಾವಯ್ಯನಿಂದ ಅರ್ಧ. ತಪ್ಪುಗಳಿದ್ದರೆ ಅವರವರಿಗೆ ಹಂಚಿಬಿಡಿ.

ಕಸ್ಟಮ್ಸಿನ ಮೇಜು

ಅಮೆರಿಕದಲ್ಲಿ ಇಳಿದ ಮೊದಲ ನಿಲ್ದಾಣದಲ್ಲೇ ನನ್ನ ಪೆಟ್ಟಿಗೆ ಸಿಕ್ಕಿಬಿತ್ತು. ಯಂತ್ರದೊಳಗೆ ಏನೋ ಕಂಡು, ಆಳೆತ್ತರದ ಅಧಿಕಾರಿಯೊಬ್ಬ ಅದನ್ನು ತೆರೆಸಿದ. ಸೀರೆಗಳ ನಡುವಿನಿಂದ ನಮ್ಮ ಇಡ್ಲಿ ಸ್ಟ್ಯಾಂಡನ್ನು ಎತ್ತಿ ಹಿಡಿದ. ನಾಲ್ಕು ತಟ್ಟೆ, ನಡುವೆ ಒಂದು ಸಲಾಕೆ, ಎಲ್ಲ ಕಡೆ ಸಣ್ಣಸಣ್ಣ ತೂತು. ಅವನ ಕೈಯಲ್ಲಿ ಅದು ಆಕಾಶದಿಂದ ಬಿದ್ದ ಉಪಗ್ರಹದ ಹಾಗೆ ಕಂಡಿತು.

"ಇದು ಯಾವ ಯಂತ್ರ?" ಎಂದ.

"ತಿಂಡಿ," ಎಂದೆ.

"ಇದನ್ನು ತಿನ್ನುತ್ತೀರಾ?"

ನನ್ನ ಇಂಗ್ಲಿಷು ಗಿರಾಕಿಗೆ ಬಿಲ್ಲು ಕೊಡುವಷ್ಟರದು. ಅಂಗೈ ಬಟ್ಟಲು ಮಾಡಿ, ಹಿಟ್ಟು ಹೊಯ್ದು, ಹಬೆ ಬಿಡಿಸಿ, ಉಬ್ಬಿಸಿ, ಕೊನೆಗೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದ ಒಬ್ಬ ತಮಿಳರು ಚಪ್ಪಾಳೆ ತಟ್ಟಿದರು. ಅಧಿಕಾರಿ ತಟ್ಟೆಗಳನ್ನು ಮೊದಲಿನ ಹಾಗೆಯೇ ಜೋಡಿಸಿ, ನನ್ನ ಸೀರೆಯಿಂದಲೇ ಸುತ್ತಿ, ಒಳಗಿಟ್ಟ. ಅಷ್ಟು ಅಚ್ಚುಕಟ್ಟಾಗಿ ನಾನೇ ಸುತ್ತಿರಲಿಲ್ಲ.

ಗ್ರೀನ್ ರಿವರ್

ಪಕ್ಕದ ರಾಜ್ಯದ ಸಾಲ್ಟ್ ಲೇಕ್ ನಗರಕ್ಕೆ ಭರತ್ ಕಾರು ತಂದಿದ್ದ. ಅಲ್ಲಿನ ನಮ್ಮವರ ಅಂಗಡಿಯಲ್ಲಿ ಉದ್ದು, ಇಡ್ಲಿ ರವೆ ಕೊಂಡು ಹೊರಟೆವು. ಮೂರು ಗಂಟೆಯ ಹತ್ತಿರದ ದಾರಿ. ಅಷ್ಟೇ ಹೊತ್ತಿನಲ್ಲಿ ನಾವು ವಡೋದರಾದಿಂದ ಸೂರತ್ ತಲುಪುತ್ತೇವೆ; ಅಷ್ಟರಲ್ಲಿ ಎಷ್ಟು ಊರು, ಎಷ್ಟು ಎಮ್ಮೆ, ಎಷ್ಟು ಮದುವೆ ದಿಬ್ಬಣ ಕಾಣುತ್ತೇವೆ! ಇಲ್ಲಿ ಬೋಳು ಗುಡ್ಡ, ಗಾಳಿ, ಆಕಾಶ.

"ಜನ ಎಲ್ಲಿ, ಭರತ್‌ಭಾಯಿ?"

"ಇಷ್ಟೇ, ಭಾಭಿ. ಈ ರಾಜ್ಯ ನಮ್ಮ ಗುಜರಾತಿಗಿಂತ ದೊಡ್ಡದು. ಜನ ಎಲ್ಲ ಸೇರಿಸಿದರೂ ವಡೋದರಾ ತುಂಬಲ್ಲ. ಜಿಂಕೆಗಳೇ ನಮಗಿಂತ ಜಾಸ್ತಿ ಅಂತ ಇಲ್ಲಿಯವರು ಹೇಳ್ತಾರೆ. ಇನ್ನೊಂದು ಕೇಳಿ, ಇಡೀ ರಾಜ್ಯದಲ್ಲಿ ಎಸ್ಕಲೇಟರ್ ಇರೋದು ಎರಡೇ ಕಟ್ಟಡದಲ್ಲಿ. ಎರಡೂ ಒಂದೇ ಊರಲ್ಲಿ."

ನನಗೆ ಆ ರಾಜ್ಯದ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ವಡೋದರಾದ ಮಾಲಿನಲ್ಲಿ ಚಲಿಸುವ ಮೆಟ್ಟಿಲಿನ ಬುಡದಲ್ಲಿ ಸೀರೆ ಹಿಡಿದುಕೊಂಡು ದೇವರ ಹೆಸರು ಹೇಳುತ್ತಾ ನಿಲ್ಲುವ ಹೆಂಗಸು ನಾನು.

ಊರೆಂದರೆ ಒಂದು ನದಿ, ಕೋಟೆಯ ಹಾಗೆ ನಿಂತ ಬಂಡೆಗಳು, ನಡುವೆ ಉದ್ದುದ್ದ ಗೂಡ್ಸ್ ರೈಲು. ಕಾಂತಾಬಾ ಮೋಟೆಲಿನ ಬಾಗಿಲಲ್ಲೇ ನಿಂತಿದ್ದರು. ಸೀರೆಯ ಮೇಲೆ ದಪ್ಪ ಕೋಟು. ಮುಖ ಸಣ್ಣದಾಗಿತ್ತು. ನನ್ನ ಗಲ್ಲ ಹಿಡಿದು ನೋಡಿ, "ಹಿಟ್ಟು ಯಾವಾಗ ಅರೀತೀಯಾ?" ಎಂದರು. ಕುಶಲ ವಿಚಾರಿಸಿದ್ದು ಆಮೇಲೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕಂಡೆ. ಭರತ್‌ನ ಹೆಂಡತಿ ಹೇತಲ್ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೋಗುವ ಮೊದಲೇ ದಾಳ್, ರೋಟಲಿ ಎನ್ನುವ ಚಪಾತಿ, ಶಾಕ್ ಎನ್ನುವ ಪಲ್ಯ ಎಲ್ಲ ಮಾಡಿಟ್ಟಿದ್ದಳು. ಒಳ್ಳೆಯ ಅಡುಗೆ. ಕಾಂತಾಬಾ ಮಾತಿಲ್ಲದೆ ತಿಂದು, ಮಾತಿಲ್ಲದೆ ತಟ್ಟೆ ತೊಳೆದಿಟ್ಟರು. ಉಪ್ಪು ಕಮ್ಮಿ ಎನ್ನಲಿಲ್ಲ, ಬೆಲ್ಲ ಹೆಚ್ಚು ಎನ್ನಲಿಲ್ಲ.

ಗುರುಗ್ರಹದವರ ನಿಲ್ದಾಣ

ಮೊದಲ ಹಿಟ್ಟು ಅರೆದೆ. ಮೋಟೆಲಿನ ಅಡುಗೆಮನೆ ತಣ್ಣಗೆ ಕೊರೆಯುತ್ತಿತ್ತು, ಅಕ್ಟೋಬರಿನಲ್ಲೇ. ಬೆಚ್ಚಗಿರಲಿ ಎಂದು ಪಾತ್ರೆಯನ್ನು ಆರಿಸಿದ ಓವನ್ನಿನೊಳಗೆ ಮುಚ್ಚಿಟ್ಟೆ. ಬೆಳಿಗ್ಗೆ ಭರತ್ ಪಿಜ್ಜಾ ಬಿಸಿ ಮಾಡಲು ಓವನ್ನು ಹಾಕಿ, ಒಳಗೆ ನೋಡದೆ ಸ್ನಾನಕ್ಕೆ ಹೋದ. ನಾನು ಎದ್ದು ಬರುವಷ್ಟರಲ್ಲಿ ಪಾತ್ರೆಯ ಆಕಾರದ ಒಂದೇ ಒಂದು ಇಡ್ಲಿ, ಅಂಚು ಸೀದು, ಹೊಟ್ಟೆ ಹಸಿ.

"ಭಾಭಿ, ಸಾರಿ. ಇದನ್ನ ತೊಗೊಂಡು ಹೋಗಿ ಗುರುಗ್ರಹದವರಿಗೆ ಇಡೋಣ."

ಅದೇನೆಂದು ಕೇಳಿದ್ದಕ್ಕೆ ನನ್ನನ್ನೂ ಕಾಂತಾಬಾ ಅವರನ್ನೂ ಕಾರು ಹತ್ತಿಸಿದ. ಊರ ಹೊರಗೆ ಗುಡ್ಡದ ನೆತ್ತಿ. ವಿಮಾನ ಇಳಿಯಲು ಮಣ್ಣಿನ ಒಂದು ಓಡುಪಟ್ಟಿ, ಗಾಳಿ ಯಾವ ಕಡೆಯದೆಂದು ತೋರಿಸುವ ಒಂದು ಬಟ್ಟೆಚೀಲ. ಇದು ಬೇರೆ ಗ್ರಹಗಳಿಂದ ಬರುವವರಿಗಾಗಿ ಊರಿನವರು ಗೊತ್ತುಮಾಡಿದ ನಿಲ್ದಾಣವಂತೆ. ಬಹಳ ವರ್ಷದ ಹಿಂದೆ ಗುರುಗ್ರಹಕ್ಕೆ ಧೂಮಕೇತು ಬಡಿಯುತ್ತದೆ ಎಂಬ ಸುದ್ದಿ ಬಂದಾಗ, ಅಲ್ಲಿಂದ ನಿರಾಶ್ರಿತರು ಬಂದರೆ ಎಲ್ಲಿಳಿಯಬೇಕು ಎಂದು ಊರಿನ ಆಡಳಿತದವರು ಸಭೆ ಸೇರಿ ಠರಾವು ಮಾಡಿ ಈ ಜಾಗಕ್ಕೆ ಅಂತರಿಕ್ಷ ನಿಲ್ದಾಣವೆಂದು ಹೆಸರಿಟ್ಟರು. ತಮಾಷೆಗೇ ಮಾಡಿದ್ದು, ಆದರೆ ಹೆಸರು ಹಾಗೇ ಉಳಿದಿದೆ.

ನಾನು ನಗಬೇಕೆಂದು ಹೋದವಳು, ನಗಲಿಲ್ಲ. ಕಾಂತಾಬಾ ಕಾರಿನ ಕಿಟಕಿ ಇಳಿಸಿ ಆ ಬಯಲನ್ನೇ ನೋಡುತ್ತಿದ್ದರು.

"ಬಂದರೆ ಪಾಪ ಊಟಕ್ಕೆ ಏನು ಕೊಡ್ತಾರಂತೆ?" ಎಂದು ಕೇಳಿದರು.

ಭರತ್ ಕಾರು ತಿರುಗಿಸಿದ.

ನೆಲದಡಿಯ ಸೋಡಾ

ಎರಡನೆಯ ಹಿಟ್ಟನ್ನು ಹೀಟರಿನ ಪಕ್ಕ ಇಟ್ಟೆ, ಕಂಬಳಿ ಹೊದಿಸಿ. ಆ ಊರು ಎಷ್ಟು ಎತ್ತರದಲ್ಲಿದೆ ಎಂದರೆ ನೀರು ಬೇಗ ಕುದಿಯುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಗಾಳಿಯಲ್ಲಿ ಪಸೆ ಇಲ್ಲ. ಹಿಟ್ಟಿನ ಮೇಲೆ ಹಪ್ಪಳದಂಥ ಒಂದು ಪದರ ಒಣಗಿ ಕೂತಿತ್ತು. ಕೆಳಗೆ ನಿನ್ನೆ ಇದ್ದಷ್ಟೇ ಹಿಟ್ಟು. ಬೆರಳು ಅದ್ದಿ ಮೂಸಿದೆ. ಹುಳಿಯ ಸುಳಿವಿಲ್ಲ. ಇಷ್ಟು ವರ್ಷ ಹಿಟ್ಟು ಕಲಸಿದ ಕೈ. ಇದರ ಬಿಸಿಗೇ ಹಿಟ್ಟು ಹುದುಗುತ್ತದೆ ಎಂದು ಹೊಗಳಿಸಿಕೊಂಡ ಕೈ. ಅದನ್ನು ನೋಡಿಕೊಂಡು ಕೂತೆ.

ಆಗ ಡಾರ್ಲೀನ್ ಬಂದಳು. ಮೋಟೆಲಿನ ಕೋಣೆಗಳನ್ನು ನೋಡಿಕೊಳ್ಳುವವಳು, ನನ್ನದೇ ವಯಸ್ಸು, ಮಾತಿನ ಮಲ್ಲಿ. ಭರತ್ ಮಧ್ಯೆ ನಿಂತು ಅವಳದನ್ನು ನನಗೂ ನನ್ನದನ್ನು ಅವಳಿಗೂ ಹೇಳುತ್ತಿದ್ದ.

"ಉಬ್ಬುತ್ತಿಲ್ಲವಾ?" ಎಂದಳು ಪಾತ್ರೆಗೆ ಇಣುಕಿ. "ಸೋಡಾ ಹಾಕು. ನೀನು ಸೋಡಾದ ಮೇಲೇ ನಿಂತಿದ್ದೀ."

ನನಗೆ ಅರ್ಥವಾಗಲಿಲ್ಲ. ಅವಳು ನೆಲ ತೋರಿಸಿದಳು. ಅವಳ ಗಂಡ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಈ ಸೀಮೆಯ ನೆಲದಡಿ, ಬಹಳ ಆಳದಲ್ಲಿ, ಟ್ರೋನಾ ಎಂಬ ಕಲ್ಲಿನ ಪದರಗಳಿವೆ; ಜಗತ್ತಿನಲ್ಲಿ ಇನ್ನೆಲ್ಲೂ ಅಷ್ಟಿಲ್ಲವಂತೆ. ಅದನ್ನು ಅಗೆದು, ಶುದ್ಧಮಾಡಿದರೆ ಸೋಡಾ. ಗಾಜಿಗೂ ಅದೇ, ಬಟ್ಟೆ ಒಗೆಯುವ ಪುಡಿಗೂ ಅದೇ, ಅಡುಗೆಗೂ ಅದೇ. ಮನುಷ್ಯ ಹುಟ್ಟುವುದಕ್ಕೆ ಮುಂಚೆ ಇಲ್ಲೊಂದು ದೊಡ್ಡ ಸರೋವರವಿತ್ತು, ಒಣಗಿತು, ಉಪ್ಪುಪ್ಪಾಗಿ ಇದು ಉಳಿಯಿತು. ಆ ಕಾಲದ ಮೀನುಗಳೂ ಈ ಕಡೆಯ ಕಲ್ಲಿನಲ್ಲಿ ಅಚ್ಚೊತ್ತಿಕೊಂಡಿವೆ. ಮೋಟೆಲಿನ ಕೌಂಟರಿನ ಮೇಲೆ ಅಂಥದೊಂದು ಮೀನಿತ್ತು, ಮುಳ್ಳು ಮುಳ್ಳೂ ಎಣಿಸಬಹುದಾದಂಥದ್ದು.

ಮಾವಯ್ಯ ಯಾವುದು ಹಿಟ್ಟಿನ ಹತ್ತಿರ ಸುಳಿಯಬಾರದು ಎಂದಿದ್ದರೋ, ಅದರದೇ ಮೇಲೆ ಕಟ್ಟಿದ ಊರಿಗೆ ನಾನು ಬಂದಿದ್ದೆ!

"ನಮ್ಮಲ್ಲಿ ಹಾಕುವುದಿಲ್ಲ," ಎಂದೆ, ಗತ್ತಿನಲ್ಲಿ.

"ಯಾರು ಹೇಳಿದ್ದು?"

"ಮಾವ."

ಡಾರ್ಲೀನ್ ಸೊಂಟಕ್ಕೆ ಕೈಯಿಟ್ಟಳು. "ನೋಡು ಹನಿ, ಅಮೆರಿಕದಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಮೊದಲು ಕೊಟ್ಟದ್ದು ನಮ್ಮ ವಯೋಮಿಂಗ್. ಆಗ ಇದಿನ್ನೂ ರಾಜ್ಯ ಕೂಡ ಆಗಿರಲಿಲ್ಲ. ಇಲ್ಲಿ ನಿಂತು ಮಾವನನ್ನು ಕೇಳಬೇಕಾ?"

ಅದನ್ನು ಕನ್ನಡಿಸುವುದು ಸುಲಭ, ಮಾವಯ್ಯನಿಗೆ ಹೇಳುವುದು ಕಷ್ಟ. ನಾನು ಮೂರನೆಯ ಸಲ ಉದ್ದು ನೆನೆಹಾಕಿದೆ. ಮರುದಿನವೇ ಹುಟ್ಟುಹಬ್ಬ.

ಹಗಲು ಕಳೆಯಲೆಂದು ಭರತ್ ನಮ್ಮನ್ನು ಪೂರ್ವಕ್ಕೆ ಕರೆದುಕೊಂಡು ಹೋದ. ಒಂದು ಬಯಲು ತೋರಿಸಿ ಹೇಳಿದ, "ಇಲ್ಲಿ ಬಿದ್ದ ಮಳೆ ಪೂರ್ವದ ಸಮುದ್ರಕ್ಕೂ ಹೋಗಲ್ಲ, ಪಶ್ಚಿಮದ ಸಮುದ್ರಕ್ಕೂ ಹೋಗಲ್ಲ. ಸುತ್ತ ಎತ್ತರ. ಇಲ್ಲೇ ಇಂಗಬೇಕು." ನಮ್ಮ ಲೂನಿ ನದಿ ಕಚ್ಛದ ರಣವೆಂಬ ಉಪ್ಪಿನ ಬಯಲಿನಲ್ಲಿ ಇಂಗಿ ಹೋಗುವುದು ನನಗೆ ನೆನಪಾಯಿತು. ಹೇಳಿದೆ. ಕಾಂತಾಬಾ ತಲೆಯಾಡಿಸಿದರು.

"ವಸಂತಿ, ಗೋರ್ವಾದಲ್ಲಿ ಬೆಳಿಗ್ಗೆ ಎದ್ದರೆ ನನಗೊಂದು ಕೆಲಸ ಇತ್ತು," ಎಂದರು.

ಹೆದ್ದಾರಿ ಮುಚ್ಚಿದ ದಿನ

ಬೆಳಿಗ್ಗೆ ಎದ್ದರೆ ಹೊರಗೆ ಬಿಳಿ. ಹಿಮವೂ ಗಾಳಿಯೂ ಸೇರಿ ಎದುರಿನ ದೀಪಕಂಬ ಕಾಣುತ್ತಿರಲಿಲ್ಲ. ಅಲ್ಲೊಂದು ಪದ್ಧತಿ ಇದೆ, ಗಾಳಿ ಹುಚ್ಚು ಹಿಡಿದರೆ ಹೆದ್ದಾರಿಗೇ ಗೇಟು ಹಾಕಿಬಿಡುತ್ತಾರೆ, ನಮ್ಮಲ್ಲಿ ರೈಲ್ವೆ ಕ್ರಾಸಿಂಗಿಗೆ ಹಾಕುವ ಹಾಗೆ. ರೈಲು ಬರುವುದಿಲ್ಲ, ಆದರೂ ಕಾಯಬೇಕು. ಸಾಲ್ಟ್ ಲೇಕಿನಿಂದ ಬರಬೇಕಿದ್ದ ನೆಂಟರು ಗೇಟಿನ ಆಚೆ ಉಳಿದರು. ಕೇಕೂ ಅವರ ಜೊತೆಯೇ ಉಳಿಯಿತು.

ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ. ಹಿಟ್ಟು ಒಂದು ಬೆರಳೂ ಏರಿರಲಿಲ್ಲ.

ಹೊರಗಿನ ಕೋಣೆಯಲ್ಲಿ ಕಾಂತಾಬಾ ಸ್ನಾನ ಮುಗಿಸಿ, ಹೊಸ ಸೀರೆ ಉಟ್ಟು, ತಟ್ಟೆಯ ಮುಂದೆ ಕೂತಾಗಿತ್ತು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಕೈ ಕಟ್ಟಿಕೊಂಡಿದ್ದರು. ಇದನ್ನು ಹೀಗೇ ಬೇಯಿಸಿದರೆ ಕಲ್ಲು. ಕಲ್ಲು ತಿಂದು ಅವರು 'ಸತ್ತದ್ದು ನನ್ನ ನಾಲಿಗೆಯೇ' ಎನ್ನುತ್ತಾರೆ, ಬಾಯಿ ಮುಚ್ಚುತ್ತಾರೆ. ಇವತ್ತು ಆಗಲಿಲ್ಲ, ನಾಳೆ ಮಾಡುತ್ತೇನೆ ಎಂದರೆ? ಎರಡು ದಿನದಿಂದ ಅದನ್ನೇ ಹೇಳುತ್ತಿದ್ದೆ. ಮೂರನೆಯ ಸಲ ಹೇಳಲು ನನಗೆ ಮುಖವಿರಲಿಲ್ಲ.

ಫ್ರಿಜ್ಜು ತೆರೆದೆ. ಬಾಗಿಲಿನ ಪಕ್ಕ ಒಂದು ಸೋಡಾದ ಡಬ್ಬಿ, ಬಾಯಿ ತೆರೆದುಕೊಂಡೇ ಕೂತಿತ್ತು. ಒಂದು ಚಮಚ ತುಂಬ ತೆಗೆದೆ. ದೇವರ ಫೋಟೋ ಆ ಕೋಣೆಯಲ್ಲಿರಲಿಲ್ಲ, ಅದೊಂದು ಪುಣ್ಯ. ಹಿಟ್ಟಿಗೆ ಹಾಕಿ ಕಲಸಿದೆ. ಹಿಟ್ಟು ಬುಸ್ಸೆಂದಿತು. ಅದನ್ನು ಹೊಯ್ದು ಹಬೆಗಿಟ್ಟೆ. ಉಬ್ಬಿತು ನೋಡಿ! ಜಾಹೀರಾತಿನ ಇಡ್ಲಿಯ ಹಾಗೆ ಉಬ್ಬಿತು. ಅಲ್ಲಲ್ಲಿ ಸಣ್ಣ ಹಳದಿ ಚುಕ್ಕೆ; ಚಟ್ನಿ ಸುರಿದು ಮುಚ್ಚಿದೆ.

ತಟ್ಟೆ ಹಿಡಿದು ಹೋದೆ. ರಸ್ತೆ ಇರಲಿಲ್ಲ, ಹತ್ತು ಹೆಜ್ಜೆಯ ಕಾರ್ಪೆಟ್ಟು. ತಟ್ಟೆಯನ್ನು ಅವರ ಮುಂದಿಟ್ಟೆ.

ಕಾಂತಾಬಾ ಚಟ್ನಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಬರೀ ಇಡ್ಲಿ ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಭರತ್, ಹೇತಲ್, ಡಾರ್ಲೀನ್ ಎಲ್ಲರೂ ಸುತ್ತ ನಿಂತಿದ್ದರು. ಕಾಂತಾಬಾ ಅಗಿದರು. ನುಂಗಿದರು. ಇನ್ನೊಂದು ಚೂರು ಮುರಿದರು. ಹುಬ್ಬು ಗಂಟಾಯಿತು.

"ವಸಂತಿ."

"ಹೇಳಿ ಬಾ."

"ಸಾಜೀನಾ ಫೂಲ್ ಹಾಕಿದ್ದೀಯಾ?"

ಗುಜರಾತಿಗಳು ಖಮಣ್ ಎಂಬ ಕಡಲೆಹಿಟ್ಟಿನ ತಿಂಡಿ ಉಬ್ಬಿಸಲು ಹಾಕುವ ಸೋಡಾದ ಹೆಸರು ಅದು. ಅವರು ಇನ್ನೂ ಮುಗಿಸಿರಲಿಲ್ಲ. ಮೂರನೆಯ ಚೂರು ಬಾಯಿಗಿಟ್ಟು, ಮೂಗು ಮುದುಡಿಸಿ, ನ್ಯಾಯಾಧೀಶರ ಹಾಗೆ ಬೆರಳೆತ್ತಿದರು.

"ಸೋಡಾ. ಅದೂ ಹೊಸದಲ್ಲ. ಈರುಳ್ಳಿ ಪಕ್ಕ ಇಟ್ಟಿದ್ದು. ಛೀ! ನಹೀ ಚಾಲೇ! ಇದು ನಡೆಯೋದೇ ಇಲ್ಲ!"

ಡಾರ್ಲೀನ್‌ಗೆ ಭರತ್ ಹೇಳಿದ. ಅವಳು ಫ್ರಿಜ್ಜಿಗೆ ಓಡಿ ಹೋಗಿ ಡಬ್ಬಿ ತಂದಳು. ಫ್ರಿಜ್ಜಿನ ವಾಸನೆ ಹೀರಲೆಂದು ಅಲ್ಲಿಯವರು ಸೋಡಾದ ಡಬ್ಬಿಯನ್ನು ತೆರೆದು ಒಳಗಿಟ್ಟಿರುತ್ತಾರಂತೆ. ಅಡುಗೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಎಷ್ಟು ದಿನದಿಂದ ಇತ್ತೋ! ಪಕ್ಕದಲ್ಲೇ ಅರ್ಧ ಕತ್ತರಿಸಿದ ಈರುಳ್ಳಿ.

ನಾನು ಕಣ್ಣೀರು ತಡೆಯಲು ಸೆರಗು ಎತ್ತಿದೆ. "ತಪ್ಪಾಯ್ತು ಬಾ. ನಿಮ್ಮ ಪರೀಕ್ಷೆ ಕೆಡಿಸಿಬಿಟ್ಟೆ."

"ಕೆಡಿಸಿದ್ದಾ?" ಕಾಂತಾಬಾ ತಟ್ಟೆಯನ್ನು ದೂಡಿ ಎದ್ದು ನಿಂತರು. "ಅರೆ ಗಾಂಡಿ, ಹುಚ್ಚೀ! ಫ್ರಿಜ್ಜಿನ ಈರುಳ್ಳಿ ನನ್ನ ನಾಲಿಗೆಗೆ ಸಿಕ್ಕಿತಲ್ಲ!"

ಆಮೇಲೆ ಅವರು ಮಗನ ಕಡೆ ತಿರುಗಿದರು. ಆರು ತಿಂಗಳ ಬಾಕಿ ಒಮ್ಮೆಲೇ ಹೊರಬಂತು. ದಾಳ್‌ಗೆ ಕೋಕಂ ಬದಲು ನಿಂಬೆ ಹಿಂಡುತ್ತೀರಿ, ರೋಟಲಿಯ ಹಿಟ್ಟಿಗೆ ಮೋಣದ ಎಣ್ಣೆ ಹಾಕುವುದಿಲ್ಲ, ಚಹಾದಲ್ಲಿ ಶುಂಠಿ ಕುದಿಯುವ ಮೊದಲೇ ಹಾಲು. "ಕಾಗದ ತಿಂದ ಹಾಗೆ ಆಗದೆ ಇನ್ನೇನು? 'ಬಾ, ಸರಿಯಾಗಿದೆ, ಬಾ, ಸರಿಯಾಗಿದೆ' ಅಂತ ನೀವೇ ಹೇಳಿಬಿಟ್ಟರೆ ನನ್ನ ನಾಲಿಗೆಗೆ ಏನು ಕೆಲಸ?"

ಹೇತಲ್ ಅಳುತ್ತಾಳೇನೋ ಅಂದುಕೊಂಡೆ. ಅವಳು ಅತ್ತೆಯ ಕೈಗೆ ಚಹಾದ ಪಾತ್ರೆ ಕೊಟ್ಟು, "ಹಾಗಾದರೆ ನಾಳೆಯಿಂದ ನೀವು ಹೇಳೋ ತನಕ ಇಳಿಸಲ್ಲ," ಎಂದು ನಕ್ಕಳು.

ಡಾರ್ಲೀನ್ ಪಾತ್ರೆಯಲ್ಲಿದ್ದ ಹಿಟ್ಟಿನ ಕಡೆ ನೋಡಿ ಕೇಳಿದಳು, "ಬೆಚ್ಚಗಿನ ಜಾಗವೇ ಬೇಕಿತ್ತಾ? ಹಾಗಂತ ಮೊದಲೇ ಹೇಳಬಾರದೇ?" ಮೋಟೆಲಿನ ಹಾಸು ಹೊದಿಕೆ ಒಗೆದು ಒಣಗಿಸುವ ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ತೆರೆದರೆ ಮೇ ತಿಂಗಳ ಸೂರತ್! ಬಿಸಿ, ಪಸೆ, ಬೆವರು. ಮೂರು ದಿನ ಇದರ ಗೋಡೆಯ ಈಚೆ ನಾನು ಓವನ್ನು, ಹೀಟರು, ಕಂಬಳಿ ಎಂದು ಒದ್ದಾಡುತ್ತಿದ್ದೆ. ಹೊಸದಾಗಿ ಅರೆದು ಅಲ್ಲಿ ಇಟ್ಟ ಹಿಟ್ಟು ಮರುದಿನ ಮುಚ್ಚಳ ಎತ್ತಿ ಹೊರಗಿಣುಕಿತ್ತು. ಕಾಂತಾಬಾ ಒಂದು ಚೂರು ಬಾಯಿಗಿಟ್ಟು ಯೋಚಿಸಿದರು. "ಚಾಲ್ಶೆ," ಎಂದರು. ಹೆದ್ದಾರಿಯ ಗೇಟು ಇನ್ನೂ ತೆರೆದಿರಲಿಲ್ಲ. ಸಿಕ್ಕಿಹಾಕಿಕೊಂಡಿದ್ದ ಲಾರಿ ಚಾಲಕರಿಗೆಲ್ಲ ಅದೇ ತಿಂಡಿ. ಈಗ ಮೋಟೆಲಿನಲ್ಲಿ ಬೆಳಗಿನ ತಿಂಡಿ ಕಾಂತಾಬಾ ರುಚಿ ನೋಡದೆ ಹೊರಗೆ ಬರುವುದಿಲ್ಲವಂತೆ, ಪ್ಯಾನ್‌ಕೇಕು ಕೂಡ.

ಹೊರಡುವ ದಿನ ಅವರು ನನ್ನ ಕಿವಿಯಲ್ಲಿ ಹೇಳಿದರು. "ಸೋಡಾದ ವಿಷಯ ನಿನ್ನ ಮಾವನಿಗೆ ಹೇಳು. ಏನಂತಾರೆ ಅಂತ ನನಗೆ ಫೋನು ಮಾಡು." ಕಣ್ಣಲ್ಲಿ ಏನೋ ತುಂಟತನವಿತ್ತು.

ಮತ್ತೆ ಗೋರ್ವಾ

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮಾವಯ್ಯ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕರಿಬೇವಿನ ಸೊಪ್ಪು ಬಿಡಿಸುತ್ತಿದ್ದಾಗ ಎದುರು ನಿಂತು ಎಲ್ಲ ಹೇಳಿಬಿಟ್ಟೆ. ಓವನ್ನು, ಹೀಟರು, ಹಿಮ, ಫ್ರಿಜ್ಜಿನ ಡಬ್ಬಿ. ಅವರು ತಲೆ ಎತ್ತಲಿಲ್ಲ.

"ಎಷ್ಟ್ ಹಾಕ್ದೆ?"

"ಒಂದು ಚಮಚ ಮಾವಯ್ಯ. ತುಂಬ."

"ಅದ್ಕೇ ಗೊತ್ತಾಯ್ತ್ ಅವ್ಳಿಗೆ." ಒಂದು ಎಸಳು ಬಿಡಿಸಿ ಬುಟ್ಟಿಗೆ ಹಾಕಿದರು. "ಚಳಿಯಗೆ ಅರ್ಧ ಸಾಕಿತ್ತ್."

ನಾನು ಅಲ್ಲೇ ನಿಂತೆ. ಅವರು ಅಲ್ಲಿಂದೆದ್ದು, ಯಾವುದೋ ಗಿರಾಕಿಗೆ ನೀರಿಟ್ಟಿಲ್ಲ ಎಂದು ಗೊಣಗುತ್ತಾ ಒಳಗೆ ಹೋಗಿಬಿಟ್ಟರು.

ಹಿತ್ತಲಿಗೆ ಹೋಗಿ ಕಾಂತಾಬಾಗೆ ಫೋನು ಮಾಡಿದೆ. ಅವರ ಕಡೆ ಸಂಜೆ. ಹಿಂದೆ ಪಾತ್ರೆಗಳ ಸದ್ದು, ಯಾರನ್ನೋ ಬೈಯುತ್ತಿದ್ದರು.

"ಏನಂದರು?"

"ಅರ್ಧ ಸಾಕಿತ್ತಂತೆ."

ಆ ಕಡೆಯಿಂದ ನಗು ಬಂತು, ಗೋರ್ವಾದ ರಸ್ತೆಯ ಆಚೆಯಿಂದ ಕೇಳುತ್ತಿದ್ದ ಅದೇ ನಗು.

"ಅರ್ಧವೇ ಹಾಕ್ತಿದ್ದರು, ದೀಕ್ರಿ. ಪ್ರತಿ ಜನವರಿ, ಚಳಿಗೆ, ನಿನಗೂ ಗೊತ್ತಾಗದ ಹಾಗೆ. ಅದಕ್ಕೇ ನಾನು 'ಚಾಲ್ಶೆ' ಅಂತ ಅಷ್ಟಕ್ಕೇ ನಿಲ್ಲಿಸ್ತಿದ್ದೆ."